ಜೋಡಿಸುವವರ ಚರಿತ್ರೆ

ಪೀಣ್ಯದ ಹೆಸರು ಕೇಳಿದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ತುಮಕೂರು ರಸ್ತೆಯ ಧೂಳು, ಲಾರಿಗಳ ಸಾಲು, ಲೇತುಗಳ ಸದ್ದು. ಭಾರತದ ಮೊದಲ ಉಪಗ್ರಹ ರೂಪುಗೊಂಡ ಸ್ಥಳವೂ ಇದೇ ಎಂಬುದು ಅಷ್ಟಾಗಿ ಯಾರ ನೆನಪಿಗೂ ಬರುವುದಿಲ್ಲ. 1972ರಲ್ಲಿ ಸೋವಿಯತ್ ಒಕ್ಕೂಟದೊಡನೆ ಒಪ್ಪಂದವಾದ ಮೇಲೆ, ಉಡುಪಿಯ ಬಳಿಯ ಅದಮಾರಿನವರಾದ ಯು. ಆರ್. ರಾಯರ ಮುಂದಾಳುತನದಲ್ಲಿ ಎಳೆಯ ಎಂಜಿನಿಯರುಗಳ ತಂಡವೊಂದು ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ ಕೆಲಸಕ್ಕೆ ತೊಡಗಿತು. ಉಪಗ್ರಹ ಕಟ್ಟುವ ಕೆಲಸ ನಮ್ಮ ದೇಶಕ್ಕೇ ಹೊಸದು. 360 ಕಿಲೋಗ್ರಾಂ ತೂಕದ ‘ಆರ್ಯಭಟ’ 1975ರ ಏಪ್ರಿಲ್ 19ರಂದು ಕಕ್ಷೆಯನ್ನು ಸೇರಿತು.

ಉಪಗ್ರಹವೆಂದರೆ ಒಂದೇ ವಸ್ತುವಲ್ಲ. ಸೌರಫಲಕ, ಬ್ಯಾಟರಿ, ಪ್ರಸಾರಯಂತ್ರ, ಅಳತೆಯ ಉಪಕರಣ ಎಲ್ಲವೂ ಬೇರೆ ಬೇರೆ ಕಡೆಗಳಿಂದ ಬಂದು ಒಂದೆಡೆ ಸೇರಬೇಕು. ಪ್ರತಿಯೊಂದೂ ತನ್ನಷ್ಟಕ್ಕೆ ನಿರ್ದೋಷವಾಗಿದ್ದರೂ ಒಂದಕ್ಕೊಂದು ಹೊಂದದಿದ್ದರೆ ಒಟ್ಟು ಯಂತ್ರ ನಿರರ್ಥಕ. ಬಿಡಿಭಾಗಗಳನ್ನು ಅರದಿಂದ ತೀಡಿ, ಅಳೆದು, ಮತ್ತೆ ತೀಡಿ, ಒಂದರೊಳಗೊಂದು ಕೂಡಿಸುವವನನ್ನು ಕಾರ್ಖಾನೆಯವರು ಫಿಟ್ಟರ್ ಎಂದು ಕರೆಯುತ್ತಾರೆ. ಅವನು ಕೆಲಸವನ್ನು ಸರಿಯಾಗಿ ಮಾಡಿದ್ದಾನೆ ಎಂಬುದಕ್ಕೆ ಗುರುತೆಂದರೆ, ಅವನು ಅಲ್ಲಿ ಕೆಲಸ ಮಾಡಿದ್ದ ಎಂಬುದೇ ಯಾರಿಗೂ ತಿಳಿಯದಿರುವುದು. ಈ ಭಾಷಣದಲ್ಲಿ ನಾನು ಹೇಳಹೊರಟಿರುವುದು ಕಂಪ್ಯೂಟರುಗಳ ಲೋಕದಲ್ಲಿ ಇಂಥ ಫಿಟ್ಟರುಗಳ ಚರಿತ್ರೆಯನ್ನು.

ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ವಿಂಡೋಸ್ ಬಳಸಿ ರೂಢಿಯಾದವರು ಲಿನಕ್ಸ್ ಎಂಬ ಮತ್ತೊಂದು ವ್ಯವಸ್ಥೆಗೆ ಬರಲು ಪ್ರಯತ್ನಿಸಿದಾಗಲೆಲ್ಲ ‘ಇದು ಕಷ್ಟ’ ಎಂಬ ಒಂದೇ ಮಾತನ್ನು ಹೇಳುತ್ತ ಬಂದಿದ್ದಾರೆ. ಆ ಮಾತು ಸುಳ್ಳಲ್ಲ. ಆದರೆ ಕಷ್ಟ ಇರುವುದೆಲ್ಲಿ, ಅದು ಯಾರ ಪಾಲಿಗೆ ಬಂತು, ಏಕೆ ಬಂತು ಎಂದು ವಿಚಾರಿಸಿದರೆ, ವ್ಯವಸ್ಥೆಯ ಗುಣದೋಷಕ್ಕಿಂತ ಬೇರೆಯಾದ ಸಂಗತಿಯೊಂದು ನಮಗೆ ಕಾಣಿಸುತ್ತದೆ.

ಕಂಪ್ಯೂಟರಿನ ಎಲ್ಲ ಭಾಗಗಳನ್ನೂ ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ವಿಂಡೋಸ್ ಅಂಥದೊಂದು, ಲಿನಕ್ಸ್ ಅಂಥ ಇನ್ನೊಂದು. ಪ್ರಿಂಟರು, ಪರದೆ, ಧ್ವನಿಯ ಕಾರ್ಡು, ನಿಸ್ತಂತು ಸಂಪರ್ಕದ ಚಿಪ್ಪು ಇವನ್ನೆಲ್ಲ ತಯಾರಿಸುವವರು ಬೇರೆ ಬೇರೆ ಕಂಪನಿಯವರು. ಆ ಸಾಧನಕ್ಕೂ ಮೂಲ ತಂತ್ರಾಂಶಕ್ಕೂ ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿಳಿಸುವ ಸಣ್ಣ ತಂತ್ರಾಂಶವೇ ಡ್ರೈವರ್. ಲೇತಿನ ಕೆಲಸ ಬಲ್ಲವರಿಗೆ ಇದನ್ನು ಸುಲಭವಾಗಿ ವಿವರಿಸಬಹುದು. ಒಂದು ಲೇತಿನ ಸ್ಪಿಂಡಲ್ಲಿಗೆ ಬೇರೊಬ್ಬರು ಮಾಡಿದ ಚಕ್ಕು ನೇರವಾಗಿ ಕೂರುವುದಿಲ್ಲ; ನಡುವೆ ಅದಕ್ಕೆಂದೇ ತಿರುಗಿಸಿದ ಬ್ಯಾಕ್ ಪ್ಲೇಟು ಬೇಕು. ಲೇತೂ ಒಳ್ಳೆಯದು, ಚಕ್ಕೂ ಒಳ್ಳೆಯದು. ಪ್ಲೇಟು ಇಲ್ಲದಿದ್ದರೆ ಎರಡೂ ವ್ಯರ್ಥ. ಆ ಪ್ಲೇಟನ್ನು ಯಾರು ಮಾಡಿಕೊಡಬೇಕು ಎಂಬ ಪ್ರಶ್ನೆಯೇ ನಮ್ಮ ಕಥೆಯ ತಿರುಳು.

ಈ ಕಥೆ ಒಂದು ಪ್ರಿಂಟರಿನಿಂದಲೇ ಆರಂಭವಾಗುತ್ತದೆ ಎಂಬುದು ಸ್ವಾರಸ್ಯದ ಸಂಗತಿ. 1980ರ ಆಸುಪಾಸಿನಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಪ್ರಯೋಗಾಲಯಕ್ಕೆ ಝೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರೊಂದು ಬಂತು. ಅದರಲ್ಲಿ ಕಾಗದ ಆಗಾಗ ಸಿಕ್ಕಿಹಾಕಿಕೊಳ್ಳುತ್ತಿತ್ತು. ಹಳೆಯ ಪ್ರಿಂಟರಿನ ತಂತ್ರಾಂಶವನ್ನು ರಿಚರ್ಡ್ ಸ್ಟಾಲ್ಮನ್ ಎಂಬ ತರುಣ ತಿದ್ದಿ, ಕಾಗದ ಸಿಕ್ಕಿಕೊಂಡೊಡನೆ ಬಳಸುವವರಿಗೆ ಸುದ್ದಿ ತಲುಪುವಂತೆ ಮಾಡಿದ್ದ. ಹೊಸದನ್ನೂ ಹಾಗೆಯೇ ತಿದ್ದೋಣವೆಂದರೆ ಅದರ ಮೂಲ ಬರಹ ದೊರೆಯಲಿಲ್ಲ. ಅದನ್ನು ಹೊಂದಿದ್ದ ಇನ್ನೊಂದು ವಿಶ್ವವಿದ್ಯಾಲಯದ ವಿದ್ವಾಂಸರು, ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದರಿಂದ ನಿರಾಕರಿಸಿದರು. ಯಂತ್ರ ಕಣ್ಣ ಮುಂದಿದೆ, ದೋಷ ಗೊತ್ತಿದೆ, ತಿದ್ದುವ ಕೈಯೂ ಇದೆ. ಆದರೆ ತಿದ್ದಲು ಅಪ್ಪಣೆಯಿಲ್ಲ. ಈ ಅನುಭವ ಸ್ಟಾಲ್ಮನ್‌ರ ಮನಸ್ಸಿನಲ್ಲಿ ಬೇರೂರಿತು. ಎಲ್ಲರೂ ಓದಿ, ತಿದ್ದಿ, ಹಂಚಿಕೊಳ್ಳಬಹುದಾದ ತಂತ್ರಾಂಶವನ್ನು ರಚಿಸುವ ‘ಗ್ನೂ’ ಯೋಜನೆಯನ್ನು ಅವರು 1983ರಲ್ಲಿ ಸಾರಿದರು.

ಅದಾದ ಎಂಟು ವರ್ಷಗಳ ಬಳಿಕ, 1991ರ ಆಗಸ್ಟ್ 25ರಂದು, ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ತಾನೊಂದು ಆಪರೇಟಿಂಗ್ ಸಿಸ್ಟಂ ಬರೆಯುತ್ತಿರುವುದಾಗಿ ತಿಳಿಸಿದ. ಇದು ಹವ್ಯಾಸಕ್ಕಾಗಿ ಮಾಡಿದ್ದು, ತನ್ನ ಬಳಿಯಿರುವ ಬಗೆಯ ಹಾರ್ಡ್ ಡಿಸ್ಕನ್ನು ಬಿಟ್ಟು ಬೇರೆಯದಕ್ಕೆ ಬಹುಶಃ ಎಂದೂ ಹೊಂದಲಾರದು ಎಂದು ಆತ ಸಂಕೋಚದಿಂದಲೇ ಹೇಳಿಕೊಂಡಿದ್ದ. ಆ ಸಂಕೋಚದ ಮಾತಿನಲ್ಲಿ ಮುಂದಿನ ಮೂವತ್ತು ವರ್ಷಗಳ ತೊಂದರೆಯೆಲ್ಲ ಅಡಗಿತ್ತು. ಬರೆದವನ ಮನೆಯಲ್ಲಿರುವ ಯಂತ್ರಕ್ಕೆ ವ್ಯವಸ್ಥೆ ಹೊಂದುತ್ತದೆ. ಉಳಿದವರ ಮನೆಯ ಯಂತ್ರಕ್ಕೆ ಹೊಂದಬೇಕಾದರೆ ಆ ಯಂತ್ರವುಳ್ಳ ಇನ್ನೊಬ್ಬರು ಕೂತು ಬರೆಯಬೇಕು.

ವಿಂಡೋಸಿನ ದಾರಿ ಬೇರೆಯಾಗಿತ್ತು. 1995ರಲ್ಲಿ ವಿಂಡೋಸ್ 95 ಬಂದ ಹೊತ್ತಿಗೆ ಮಾರುಕಟ್ಟೆಯೆಲ್ಲ ಅದರ ಕಡೆಗೆ ತಿರುಗಿತ್ತು. ಸಾಧನ ತಯಾರಿಸುವ ಪ್ರತಿಯೊಂದು ಕಂಪನಿಯೂ ಅದಕ್ಕೆ ಬೇಕಾದ ಡ್ರೈವರನ್ನು ತಾನೇ ಬರೆಸಿ, ಪೆಟ್ಟಿಗೆಯೊಳಗೆ ಇಟ್ಟು ಕೊಡತೊಡಗಿತು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೊಳ್ಳುವವರು ಎಸ್. ಪಿ. ರಸ್ತೆಗೆ ಹೋಗುತ್ತಿದ್ದರು. ಅಲ್ಲಿನ ಕಿರಿದಾದ ಅಂಗಡಿಯೊಳಗೆ ಹುಡುಗನೊಬ್ಬ ಬಿಡಿಭಾಗಗಳನ್ನು ಕೂಡಿಸಿ, ವಿಂಡೋಸನ್ನು ತುಂಬಿ, ಒಂದೊಂದೇ ಸಿ.ಡಿ. ಹಾಕಿ ಡ್ರೈವರುಗಳನ್ನು ಕೂರಿಸಿ ಕೊಡುತ್ತಿದ್ದ. ತುಂಬಿದ ವಿಂಡೋಸ್ ಎಷ್ಟೋ ಬಾರಿ ಹಣ ತೆರದ ಪ್ರತಿಯಾಗಿರುತ್ತಿತ್ತೆಂಬುದೂ ಗುಟ್ಟಿನ ವಿಷಯವಲ್ಲ. ಗಿರಾಕಿ ಮನೆಗೆ ತಂದು ಗುಂಡಿ ಒತ್ತಿದರೆ ಎಲ್ಲವೂ ನಡೆಯುತ್ತಿತ್ತು. ಆದುದರಿಂದ ಅವರು ವಿಂಡೋಸ್ ಸುಲಭವೆಂದು ನಂಬಿದರು. ನಿಜವಾಗಿ ನಡೆದಿದ್ದೇನೆಂದರೆ, ಕಷ್ಟದ ಕೆಲಸವನ್ನು ಅವರಿಗೆ ಕಾಣದಂತೆ ಬೇರೆಯವರು ಮೊದಲೇ ಮಾಡಿ ಮುಗಿಸಿದ್ದರು.

ಲಿನಕ್ಸ್ ನಮ್ಮಲ್ಲಿಗೆ ಬಂದದ್ದು ಇಂಥ ಹೊತ್ತಿನಲ್ಲಿ. ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದೇ 1995ರ ಆಗಸ್ಟಿನಲ್ಲಿ. ಟೆಲಿಫೋನ್ ತಂತಿಯ ಮೂಲಕ ನೂರಾರು ಮೆಗಾಬೈಟಿನ ವ್ಯವಸ್ಥೆಯನ್ನು ಇಳಿಸಿಕೊಳ್ಳುವುದು ಕನಸಿನ ಮಾತು. 1996ರಲ್ಲಿ ‘ಪಿಸಿ ಕ್ವೆಸ್ಟ್’ ಪತ್ರಿಕೆ ತನ್ನ ಸಂಚಿಕೆಯೊಡನೆ ಲಿನಕ್ಸ್ ಸಿ.ಡಿ.ಯನ್ನು ಹಂಚಿತು. ಬೆಂಗಳೂರಿನ ಅತುಲ್ ಚಿಟ್ನಿಸ್ ಆ ಕೆಲಸದ ಹಿಂದಿನ ಮುಖ್ಯ ಪ್ರೇರಣೆಯಾಗಿದ್ದರು. ಹೀಗೆ ಎಷ್ಟೋ ಊರುಗಳಿಗೆ ಲಿನಕ್ಸ್ ತಲುಪಿದ್ದು ಅಂಚೆಯಣ್ಣನ ಚೀಲದಲ್ಲಿ.

ಸಿ.ಡಿ. ತಲುಪಿತು, ಫಿಟ್ಟರ್ ಬರಲಿಲ್ಲ. ಹೊಸಬನು ಡಿಸ್ಕನ್ನು ತಾನೇ ಭಾಗ ಮಾಡಬೇಕು. ಒಂದು ಅಂಕೆ ತಪ್ಪಿದರೆ ವಿಂಡೋಸಿನಲ್ಲಿದ್ದ ಲೆಕ್ಕಪತ್ರವೆಲ್ಲ ಅಳಿದುಹೋಗಬಹುದು. ಪರದೆ ತೆರೆಯಬೇಕಾದರೆ ತನ್ನ ಮಾನಿಟರಿನ ಕಂಪನ ಸಂಖ್ಯೆಗಳನ್ನು ಕೈಪಿಡಿಯಲ್ಲಿ ಹುಡುಕಿ ಬರೆಯಬೇಕು. ತಪ್ಪು ಸಂಖ್ಯೆ ಕೊಟ್ಟರೆ ಹಳೆಯ ಮಾನಿಟರುಗಳು ಕೆಡುವ ಅಪಾಯವಿದೆಯೆಂದು ಸೂಚನೆಯಲ್ಲೇ ಎಚ್ಚರಿಸಲಾಗಿತ್ತು. ಇವೆಲ್ಲಕ್ಕಿಂತ ವಿಚಿತ್ರವಾದದ್ದು ಮೋಡೆಮ್ಮಿನ ಕಥೆ. ಬೆಲೆ ಇಳಿಸಲೆಂದು ತಯಾರಕರು ಮೋಡೆಮ್ಮಿನ ಅರ್ಧ ಕೆಲಸವನ್ನು ಚಿಪ್ಪಿನಿಂದ ತೆಗೆದು ವಿಂಡೋಸಿನ ತಂತ್ರಾಂಶಕ್ಕೆ ವಹಿಸಿದ್ದರು. ‘ವಿನ್‌ಮೋಡೆಮ್’ ಎಂದು ಕರೆಯಲಾಗುತ್ತಿದ್ದ ಇವು ಲಿನಕ್ಸಿನಲ್ಲಿ ಕೇವಲ ತಗಡಿನ ತುಂಡಿನಂತೆ ಬಿದ್ದಿರುತ್ತಿದ್ದವು. ಡ್ರೈವರ್ ಬೇಕೆಂದರೆ ಅಂತರಜಾಲಕ್ಕೆ ಹೋಗಬೇಕು. ಅಂತರಜಾಲಕ್ಕೆ ಹೋಗಬೇಕೆಂದರೆ ಮೋಡೆಮ್ ನಡೆಯಬೇಕು. ಮೋಡೆಮ್ ನಡೆಯಬೇಕೆಂದರೆ ಡ್ರೈವರ್ ಬೇಕು! ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು ಎಂಬ ಗಾದೆಯ ಹಾಗೆ.

ಈ ಸರಪಳಿಯನ್ನು ಕಡಿಯಲು ಇದ್ದ ಒಂದೇ ದಾರಿಯೆಂದರೆ ತಿಳಿದವನೊಬ್ಬ ಪಕ್ಕದಲ್ಲಿ ಬಂದು ಕೂರುವುದು. ಬೆಂಗಳೂರಿನ ಲಿನಕ್ಸ್ ಬಳಕೆದಾರರ ಬಳಗ ಮಾಡಿದ್ದು ಅದನ್ನೇ. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂಬ ಸಮ್ಮೇಳನ ಆರಂಭವಾಯಿತು. 2005ರಿಂದ ಅದು ‘ಫಾಸ್ ಡಾಟ್ ಇನ್’ ಎಂಬ ಹೆಸರಿನಲ್ಲಿ ಮುಂದುವರಿಯಿತು. ಸಂಬಳವಿಲ್ಲದ ಫಿಟ್ಟರುಗಳ ಸಂಘ ಅದೆಂದರೆ ತಪ್ಪಾಗಲಾರದು.

ಲಿನಕ್ಸ್ ಸ್ವಭಾವತಃ ಕಠಿಣವೆಂಬ ಮಾತಿಗೆ ಉತ್ತರ ಪೀಣ್ಯದ ನೆರೆಯಲ್ಲೇ ಸಿದ್ಧವಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರು, ಬೆಂಗಳೂರಿನ ಎನ್‌ಕೋರ್ ಕಂಪನಿಯವರ ಜೊತೆಗೂಡಿ, ಅಕ್ಷರ ಬಾರದವರೂ ಬಳಸಬಹುದಾದ ಅಗ್ಗದ ಅಂಗೈ ಕಂಪ್ಯೂಟರೊಂದನ್ನು ಕಲ್ಪಿಸಿದರು. ಅದೇ ‘ಸಿಂಪ್ಯೂಟರ್’. 2001ರಲ್ಲಿ ಅದರ ಮಾದರಿಯನ್ನು ಲೋಕಕ್ಕೆ ತೋರಿಸಲಾಯಿತು. 2004ರಲ್ಲಿ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಸಹಯೋಗದಲ್ಲಿ ‘ಅಮಿಡಾ’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಒಳಗಿದ್ದದ್ದು ಲಿನಕ್ಸ್. ಆದರೆ ಕೊಂಡವರು ಯಾರೂ ಡಿಸ್ಕನ್ನು ಭಾಗ ಮಾಡಬೇಕಾಗಿರಲಿಲ್ಲ, ಯಾವ ಅಂಕೆಯನ್ನೂ ಹುಡುಕಬೇಕಾಗಿರಲಿಲ್ಲ. ಸಲಕರಣೆಯನ್ನು ರೂಪಿಸಿದವರೂ ತಂತ್ರಾಂಶವನ್ನು ಹೊಂದಿಸಿದವರೂ ಒಂದೇ ಮೇಜಿನ ಸುತ್ತ ಕುಳಿತಿದ್ದರು. ಜೋಡಣೆ ಕಾರ್ಖಾನೆಯಲ್ಲೇ ಮುಗಿದಿತ್ತು. ಅದಕ್ಕಾಗಿ ರಮೇಶ್ ಹರಿಹರನ್ ರೂಪಿಸಿದ ‘ಧ್ವನಿ’ ಎಂಬ ತಂತ್ರಾಂಶ ಬರಹವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳುತ್ತಿತ್ತು.

ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಆದರೆ ಅದು ತೋರಿಸಿದ ಮಾತು ನಿಂತಿತು. 2008ರಲ್ಲಿ ಆಂಡ್ರಾಯ್ಡ್ ಫೋನುಗಳು ಬಂದವು. ಅವುಗಳ ತಿರುಳು ಲಿನಕ್ಸೇ. ಇಂದು ಸೊಪ್ಪು ಮಾರುವ ತಾಯಿಯೂ ಆಟೋ ನಡೆಸುವವರೂ ದಿನವಿಡೀ ಲಿನಕ್ಸನ್ನು ಬಳಸುತ್ತಾರೆ. ಅವರಲ್ಲಿ ಒಬ್ಬರೂ ಅದು ಕಷ್ಟವೆಂದು ದೂರಿದ್ದನ್ನು ನಾನು ಕೇಳಿಲ್ಲ. ತಯಾರಕರು ಸ್ವತಃ ಫಿಟ್ಟರ್ ಕೆಲಸ ಮಾಡಿದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಮೇಜಿನ ಕಂಪ್ಯೂಟರಿನಲ್ಲಿ ಮಾತ್ರ ಆ ಕೆಲಸ ನಿಧಾನವಾಗಿ, ಮುಳ್ಳಿನ ಹಾದಿಯಲ್ಲಿ ನಡೆಯಿತು. 2000ದಲ್ಲಿ ಜರ್ಮನಿಯ ‘ನಾಪಿಕ್ಸ್’, 2004ರಲ್ಲಿ ‘ಉಬುಂಟು’ ಬಂದು ಹೊಸಬರ ಅರ್ಧ ಭಯವನ್ನು ಕಳೆದವು. ಸಿ.ಡಿ.ಯಿಂದಲೇ ಇಡೀ ವ್ಯವಸ್ಥೆಯನ್ನು ನಡೆಸಿ, ಡಿಸ್ಕನ್ನು ಮುಟ್ಟದೆಯೇ, ಪರದೆ, ಧ್ವನಿ, ಪ್ರಿಂಟರು ಹೊಂದುತ್ತವೆಯೇ ಎಂದು ತಾಳೆ ನೋಡಬಹುದಾಯಿತು. ಬೋಲ್ಟು ಬಿಗಿಯುವ ಮುನ್ನ ಭಾಗವನ್ನು ಒಮ್ಮೆ ಸುಮ್ಮನೆ ಕೂರಿಸಿ ನೋಡುವ ಕಾರ್ಖಾನೆಯ ಜಾಣತನವೇ ಇದು. ಉಬುಂಟುವಿನ ಪ್ರಾಯೋಜಕರು 2011ರವರೆಗೆ ಕೇಳಿದವರಿಗೆಲ್ಲ ಉಚಿತವಾಗಿ ಸಿ.ಡಿ.ಗಳನ್ನು ಅಂಚೆಯಲ್ಲಿ ಕಳುಹಿಸಿದರು.

ಆದರೂ ನಿಸ್ತಂತು ಚಿಪ್ಪು, ಚಿತ್ರದ ಚಿಪ್ಪುಗಳ ತಯಾರಕರು ತಮ್ಮ ಸಾಧನದ ಒಳವಿವರವನ್ನು ಬಿಟ್ಟುಕೊಡಲು ಬಹುಕಾಲ ಒಪ್ಪಲಿಲ್ಲ. ‘ವಿವರ ಕೊಡಿ ಸಾಕು, ಡ್ರೈವರನ್ನು ನಾವೇ ಪುಕ್ಕಟೆಯಾಗಿ ಬರೆದುಕೊಡುತ್ತೇವೆ’ ಎಂದು 2007ರಲ್ಲಿ ಗ್ರೆಗ್ ಕ್ರೋಹಾರ್ಟ್‌ಮನ್ ಮತ್ತು ಅವರ ಜೊತೆಗಾರರು ತಯಾರಕರಿಗೆ ಬಹಿರಂಗವಾಗಿ ತಿಳಿಸಿದರು. ವಿವರ ಸಿಗದ ಕಡೆ ಸ್ವಯಂಸೇವಕರು ಸಾಧನದ ವರ್ತನೆಯನ್ನೇ ಗಮನಿಸಿ ಅದರ ಭಾಷೆಯನ್ನು ಊಹಿಸಿಕೊಂಡರು. ಮಾದರಿಯ ನಕ್ಷೆಯಿಲ್ಲದೆ, ತುಂಡಾದ ಹಲ್ಲುಚಕ್ರವನ್ನು ಮಾತ್ರ ಕೈಯಲ್ಲಿ ಹಿಡಿದು ಹೊಸದನ್ನು ಕಡೆಯುವ ಪೀಣ್ಯದ ಮೇಸ್ತ್ರಿಗೆ ಆ ಶ್ರಮ ಅರ್ಥವಾದೀತು. ಬ್ರಾಡ್‌ಕಾಮ್ ಕಂಪನಿ 2010ರಲ್ಲಿ ತನ್ನ ಹೊಸ ನಿಸ್ತಂತು ಚಿಪ್ಪುಗಳಿಗೆ ಮುಕ್ತ ಡ್ರೈವರನ್ನು ನೀಡಿತು. ಎನ್‌ವಿಡಿಯಾ ಕಂಪನಿ ತನ್ನ ಡ್ರೈವರಿನ ಒಂದು ಭಾಗವನ್ನು ತೆರೆದದ್ದು 2022ರಲ್ಲಿ.

ಕನ್ನಡಿಗನಿಗೆ ಇವೆಲ್ಲದರ ಮೇಲೆ ಇನ್ನೊಂದು ಜೋಡಣೆಯೂ ಬೇಕಾಗಿತ್ತು. ಕನ್ನಡಕ್ಕೆ ಯೂನಿಕೋಡ್ ಸಂಕೇತಗಳು 1991ರಲ್ಲೇ ನಿಗದಿಯಾದರೂ, ಸಂಕೇತವಿದ್ದ ಮಾತ್ರಕ್ಕೆ ಅಕ್ಷರ ಮೂಡದು. ‘ಸೂರ್ಯ’ ಎಂಬ ಪದದಲ್ಲಿ ರೇಫ ಮೊದಲು ಉಚ್ಚಾರವಾಗುತ್ತದೆ, ಮೊದಲು ಕೀಲಿಸಲ್ಪಡುತ್ತದೆ. ಬರಹದಲ್ಲಿ ಮಾತ್ರ ಅರ್ಕಾವತ್ತಾಗಿ ಹಿಂದಕ್ಕೆ ಸರಿಯುತ್ತದೆ. ಈ ಸೂಕ್ಷ್ಮವನ್ನು ಯಂತ್ರಕ್ಕೆ ಕಲಿಸದಿದ್ದರೆ ಒತ್ತಕ್ಷರಗಳು ಒಡೆದು ಚದುರಿದ ಹಲ್ಲುಗಳಂತೆ ಕಾಣುತ್ತವೆ. ವಿಂಡೋಸಿನಲ್ಲಿ ಬರಹ, ನುಡಿ ತಂತ್ರಾಂಶಗಳು ತಮ್ಮದೇ ಫಾಂಟುಗಳ ಮೂಲಕ ಈ ತೊಡಕನ್ನು ದಾಟಿದ್ದವು. ಅಲ್ಲಿ ಹಳೆಯ ಪದ್ಧತಿಯಲ್ಲಿ ಟೈಪು ಮಾಡಿದ ಕಡತವನ್ನು ಆ ಫಾಂಟುಗಳಿಲ್ಲದ ಲಿನಕ್ಸಿನಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳು. ಕೇದಗೆ, ಮಲ್ಲಿಗೆ, ಲೋಹಿತ್ ಮೊದಲಾದ ಮುಕ್ತ ಫಾಂಟುಗಳಿಂದಲೂ, ಬಿಡುವಿನ ವೇಳೆಯಲ್ಲಿ ಕೂತು ಸಾವಿರಾರು ಸೂಚನಾವಾಕ್ಯಗಳನ್ನು ಕನ್ನಡಕ್ಕೆ ತಂದ ಸ್ವಯಂಸೇವಕರಿಂದಲೂ ಈ ಕೊರತೆ ಕ್ರಮೇಣ ತುಂಬಿತು.

ಕನ್ನಡದ ಮಕ್ಕಳು ಲಿನಕ್ಸನ್ನು ತರಗತಿಯಲ್ಲೇ ಕಲಿಯುವ ಸ್ಥಳವೊಂದುಂಟು. ಅದು ಇರುವುದು ಕರ್ನಾಟಕದ ಗಡಿಯಾಚೆ, ಕಾಸರಗೋಡಿನಲ್ಲಿ. ಕೇರಳ ಸರ್ಕಾರ 2001ರಲ್ಲಿ ಆರಂಭಿಸಿದ ‘ಐ.ಟಿ. ಅಟ್ ಸ್ಕೂಲ್’ ಯೋಜನೆ ಮುಕ್ತ ತಂತ್ರಾಂಶವನ್ನೇ ಆಯ್ದುಕೊಂಡಿತು. 2017ರಲ್ಲಿ ಅದು ‘ಕೈಟ್’ ಎಂಬ ಸಂಸ್ಥೆಯಾಯಿತು. ಶಾಲೆಗಳಿಗೆಂದೇ ಹೊಂದಿಸಿದ ಲಿನಕ್ಸ್ ಅಲ್ಲಿನ ಕಂಪ್ಯೂಟರುಗಳಲ್ಲಿದೆ. ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಆ ಯೋಜನೆಯ ಬಲ ಇದ್ದದ್ದು ತಂತ್ರಾಂಶದಲ್ಲಿ ಮಾತ್ರವಲ್ಲ. ಶಿಕ್ಷಕರಿಗೆ ತರಬೇತಿ ಕೊಟ್ಟು, ಅವರಲ್ಲೇ ಕೆಲವರನ್ನು ಮಾರ್ಗದರ್ಶಕರನ್ನಾಗಿ ನೇಮಿಸಿ, ಯಂತ್ರ ನಿಂತಲ್ಲಿಗೆ ಹೋಗಿ ನಡೆಸಿಕೊಡುವ ಏರ್ಪಾಡು ಅಲ್ಲಿತ್ತು. ಅಂದರೆ, ಫಿಟ್ಟರುಗಳನ್ನು ನೇಮಿಸಲಾಗಿತ್ತು.

ಈಗ ಮತ್ತೆ ಪೀಣ್ಯಕ್ಕೆ ಬರೋಣ. ಜಾಲಹಳ್ಳಿಯ ಎಚ್.ಎಂ.ಟಿ., ಬಿ.ಇ.ಎಲ್.ಗಳಿಗೆ ಬಿಡಿಭಾಗಗಳನ್ನು ಮಾಡಿಕೊಡುತ್ತ ಬೆಳೆದ ಸಣ್ಣ ಕಾರ್ಖಾನೆಗಳು ಇಲ್ಲಿ ಬಹಳ. ಹತ್ತು ಮಂದಿ ದುಡಿಯುವ ಇಂಥದೊಂದು ಕಾರ್ಖಾನೆ ಎರಡನೆಯ ಹಂತದಲ್ಲಿ ನನ್ನ ಗೆಳೆಯರೊಬ್ಬರದು. ಅವರಲ್ಲಿ ಎರಡು ಕಂಪ್ಯೂಟರುಗಳಿವೆ. ಒಂದರಲ್ಲಿ ಲೆಕ್ಕಪತ್ರ; ಇನ್ನೊಂದು ಸಿ.ಎನ್.ಸಿ. ಲೇತಿಗೆ ಕೆಲಸದ ಸೂಚನೆಗಳನ್ನು ಕೇಬಲಿನ ಮೂಲಕ ಕಳುಹಿಸುವಂಥದು. ವಿಂಡೋಸ್ ಎಕ್ಸ್‌ಪಿಗೆ ಬೆಂಬಲ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ನಿಂತಿತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸರದಿ ಬಂತು. ಹೊಸ ವಿಂಡೋಸ್ 11 ಕೇಳುವ ಭದ್ರತೆಯ ಚಿಪ್ಪೂ ಪ್ರೊಸೆಸರೂ ಅವರ ಯಂತ್ರಗಳಲ್ಲಿಲ್ಲ. ಮಾರಾಟಗಾರ ಬಂದು ಎರಡನ್ನೂ ಗುಜರಿಗೆ ಹಾಕಲು ಹೇಳಿ ಹೋದ. ‘ಇಪ್ಪತ್ತೈದು ವರ್ಷದ ಲೇತು ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡುತ್ತಿದೆ, ಎಂಟು ವರ್ಷದ ಕಂಪ್ಯೂಟರು ಮುದಿಯಾಯಿತೇ?’ ಎಂದು ಗೆಳೆಯರು ನನ್ನನ್ನು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಒಂದು ಪೆನ್ ಡ್ರೈವಿನಲ್ಲಿ ಲಿನಕ್ಸ್ ಇತ್ತು.

ಒಂದು ಭಾನುವಾರ ನಾವಿಬ್ಬರೂ ಕೂತು ಪ್ರಯೋಗ ಮಾಡಿದೆವು. ಪರದೆ ತಾನಾಗಿಯೇ ಬೆಳಗಿತು. ಪ್ರಿಂಟರನ್ನು ವ್ಯವಸ್ಥೆಯೇ ಗುರುತಿಸಿತು. ವಿಂಡೋಸಿನ ಡಿಸ್ಕಿನಲ್ಲಿದ್ದ ಕಡತಗಳೂ ಕಂಡವು. ‘ಸಿ’, ‘ಡಿ’ ಎಂಬ ಹೆಸರುಗಳು ಮಾತ್ರ ಇರಲಿಲ್ಲ. ಕೆಲಸ ನಿಂತದ್ದು ಲೇತಿನ ಕೇಬಲಿನ ಮುಂದೆ. ಸೂಚನೆ ಹೋಗಲೊಲ್ಲದು. ಎರಡು ಗಂಟೆ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು: ಡ್ರೈವರ್ ಮೊದಲೇ ಒಳಗಿತ್ತು. ಆದರೆ ಆ ಕಿಂಡಿಯನ್ನು ಬಳಸುವ ಅನುಮತಿ ಎಲ್ಲ ಬಳಕೆದಾರರಿಗೂ ಇರುವುದಿಲ್ಲ. ‘ಡಯಲ್‌ಔಟ್’ ಎಂಬ ಗುಂಪಿಗೆ ಬಳಕೆದಾರನ ಹೆಸರನ್ನು ಸೇರಿಸಬೇಕು. ಒಂದು ಸಾಲಿನ ಆದೇಶ. ತಿಳಿದವನಿಗೆ ಅರ್ಧ ನಿಮಿಷದ ಕೆಲಸ. ತಿಳಿಯದವನು ಅಲ್ಲಿಗೇ ಕೈಚೆಲ್ಲಿ, ಲಿನಕ್ಸಿನಲ್ಲಿ ಏನೂ ನಡೆಯುವುದಿಲ್ಲವೆಂದು ಎದ್ದುಹೋಗುತ್ತಾನೆ. ಆ ಗುಂಪಿಗೆ ‘ಡಯಲ್‌ಔಟ್’ ಎಂಬ ಹೆಸರು ಬಂದದ್ದು ಹಳೆಯ ಟೆಲಿಫೋನ್ ಮೋಡೆಮ್ಮುಗಳ ಕಾಲದಿಂದ. ಲೇತಿನ ಮುಂದೆ ಕುಳಿತವನಿಗೆ ಅದು ಹೇಗೆ ಹೊಳೆದೀತು?

ಲೆಕ್ಕಪತ್ರದ ಯಂತ್ರವನ್ನು ನಾವು ಬದಲಿಸಲಿಲ್ಲ. ನಮ್ಮ ವರ್ತಕರೆಲ್ಲ ನೆಚ್ಚಿರುವ, ಬೆಂಗಳೂರಿನದೇ ಆದ ಟ್ಯಾಲಿ ತಂತ್ರಾಂಶ ವಿಂಡೋಸಿಗೆಂದು ರಚಿತವಾದದ್ದು; ಬಿಡಿಭಾಗಗಳ ನಕ್ಷೆ ಬರೆಯುವ ಹೆಸರಾಂತ ತಂತ್ರಾಂಶಗಳೂ ಹಾಗೆಯೇ. ಇದನ್ನು ಮುಚ್ಚಿಟ್ಟು ಲಿನಕ್ಸಿನ ಗುಣಗಾನ ಮಾಡುವುದು ಪ್ರಾಮಾಣಿಕತೆಯಲ್ಲ. ಹೊಂದದ ಕಡೆ ಹೊಂದುವುದಿಲ್ಲವೆಂದು ಹೇಳುವುದೂ ಫಿಟ್ಟರನ ಧರ್ಮವೇ. ಆದರೆ ಲೇತಿನ ಪಕ್ಕದ ಕಂಪ್ಯೂಟರು ಗುಜರಿಗೆ ಹೋಗಲಿಲ್ಲ. ಸೋಮವಾರ ಬೆಳಿಗ್ಗೆ ಎಂದಿನಂತೆ ಕೆಲಸ ನಡೆಯಿತು. ಗೆಳೆಯರು ಆ ಒಂದು ಸಾಲನ್ನು ಸೀಮೆಸುಣ್ಣದಿಂದ ಯಂತ್ರದ ಹಿಂದಿನ ಗೋಡೆಯ ಮೇಲೆ ಬರೆಸಿದ್ದಾರೆ.

ಆರ್ಯಭಟದ ಪ್ರಯೋಗಗಳು ವಿದ್ಯುತ್ ಪೂರೈಕೆಯ ದೋಷದಿಂದ ಕೆಲವೇ ದಿನಗಳಲ್ಲಿ ನಿಂತುಹೋದವು. ಆದರೂ ಅದನ್ನು ಯಾರೂ ಸೋಲೆಂದು ಕರೆಯಲಿಲ್ಲ. ಪೀಣ್ಯದ ಷೆಡ್ಡುಗಳಲ್ಲಿ ಕೈಗಳು ಕಲಿತ ಜೋಡಣೆಯ ವಿದ್ಯೆ ಮುಂದಿನ ಉಪಗ್ರಹಗಳಿಗೆ ಸಂದಿತು. ಯಂತ್ರಗಳು ಹಳತಾಗುತ್ತವೆ, ಕಂಪನಿಗಳು ಬೆಂಬಲ ನಿಲ್ಲಿಸುತ್ತವೆ. ಒಬ್ಬರು ಕಲಿತದ್ದನ್ನು ಮತ್ತೊಬ್ಬರ ಪಕ್ಕದಲ್ಲಿ ಕೂತು ಹೇಳಿಕೊಟ್ಟರೆ ಅದು ಮಾತ್ರ ಹಳತಾಗುವುದಿಲ್ಲ. ಕಳೆದ ವಾರ ಆ ಕಾರ್ಖಾನೆಗೆ ಹೋಗಿದ್ದೆ. ಪಕ್ಕದ ಷೆಡ್ಡಿನ ಹುಡುಗನೊಬ್ಬ ಗೋಡೆಯ ಮುಂದೆ ನಿಂತು ಆ ಸಾಲನ್ನು ತನ್ನ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದ.